ಇಬ್ಬರಿಗೂ ಕಂಡ ಜೇಡ

ಕಡಲ ದಂಡೆಯ ಅತಿಥಿಗೃಹದಿಂದ,
ಗುರುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಮುತ್ತುಗಳು.

ನಾವಿಬ್ಬರೂ ಕ್ಷೇಮ. ನೀನು, ಅಳಿಯಂದಿರು, ಮರಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬಂದಿಳಿದ ಮಾರನೆಯ ದಿನವೇ ಕಾಗದ ಬರೆಯುತ್ತೇನೆ ಎಂದು ಮಾತು ಕೊಟ್ಟವಳು ವಾರ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ, ಬೈಯಬೇಡ. ಮೊದಲು ಪೆನ್ನು ಸಿಗಲಿಲ್ಲ, ಆಮೇಲೆ ಕಾಗದ ಸಿಗಲಿಲ್ಲ, ಎರಡೂ ಸಿಕ್ಕ ಮೇಲೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಸಮುದ್ರ ಚೆನ್ನಾಗಿದೆ, ಊಟ ಚೆನ್ನಾಗಿದೆ" ಎಂದು ಪಾಠ ಒಪ್ಪಿಸಿದೆನಲ್ಲ, ಅದು ಸುಳ್ಳಲ್ಲ. ಎರಡೂ ನಿಜವಾಗಿ ಚೆನ್ನಾಗಿವೆ.

ಅಪ್ಪ ಗಡಿಯಾರದ ಅಂಗಡಿಗೆ ಬೀಗ ಹಾಕಿದ ದಿನ ನೀನು ಟಿಕೆಟ್ಟುಗಳನ್ನು ಅವರ ಜೇಬಿಗೆ ತುರುಕಿದ್ದು ನೆನಪಿದೆಯೇ? ಜೀವನವೆಲ್ಲ ಕಿಟಕಿಯಿಲ್ಲದ ಆ ಗೂಡಿನಲ್ಲಿ ಕುಳಿತವರು, ಇನ್ನಾದರೂ ದೂರದ್ದನ್ನು ನೋಡಲಿ ಎಂದಿದ್ದೆ. ನಿನ್ನ ಮಾತಿನಂತೆ ದಿನಾ ಬೆಳಿಗ್ಗೆ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ದೂರದ ದೋಣಿಗಳನ್ನು ನೋಡುತ್ತಾರೆ.

ನನ್ನ ಕಥೆ ನಿನಗೆ ಗೊತ್ತೇ ಇದೆ. ಹುಳುಹುಪ್ಪಟೆ ಎಂದರೆ ಜೀವ ಬಾಯಿಗೆ ಬರುವ ಹೆಂಗಸು ನಾನು. ನೀನು ಚಿಕ್ಕವಳಿದ್ದಾಗ ಹೊಲಿಗೆ ಯಂತ್ರದ ಚಕ್ರದ ಮೇಲೆ ಜೇಡ ಕಂಡು ಮೇಜು ಹತ್ತಿ ನಿಂತಿದ್ದೆ. ನೀನು ಓಡಿಹೋಗಿ ಅಂಗಡಿಯಿಂದ ಅಪ್ಪನನ್ನು ಕರೆತಂದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನೂ ತೆಗೆಯದೆ ಬಂದು, ಜೇಡವನ್ನು ಅಂಗೈಯಲ್ಲಿ ಎತ್ತಿಕೊಂಡು, "ಇದಕ್ಕೂ ಮನೆ ಮಠ ಇರುತ್ತೆ ಕಣೆ" ಎಂದು ಕಿಟಕಿಯಾಚೆ ಬಿಟ್ಟಿದ್ದರು. ಅಂಥವಳನ್ನು ನೀನು ಹಿಂದೆ ಕಾಡು, ಮುಂದೆ ಕಡಲು ಇರುವ ಬಿಸಿಲೂರಿಗೆ ಕಳಿಸಿದ್ದೀಯ! ನಮ್ಮ ಚಳಿಯೂರಿನಲ್ಲಿ ವರ್ಷಕ್ಕೊಂದು ಹುಳು ಕಂಡರೆ ಹೆಚ್ಚು. ಇಲ್ಲಿ ಚಾವಣಿಯ ಮೂಲೆ, ದೀಪದ ಬುಡ, ಬಾಗಿಲ ಸಂದು, ಎಲ್ಲೆಲ್ಲೂ ಅವುಗಳದೇ ಸಂಸಾರ.

ಮೊದಲ ದಿನಗಳು ನರಕ. ಆ ಸೆಖೆಯಲ್ಲಿ ಕಾಲುಚೀಲ ಹಾಕಿಕೊಂಡು ಓಡಾಡಿದೆ. ತೋಳು ಮುಚ್ಚುವ ರವಿಕೆ, ಕುತ್ತಿಗೆ ಸುತ್ತ ವಸ್ತ್ರ. ಔಷಧಿ ಅಂಗಡಿಯಲ್ಲಿ ಕೊಂಡ ಮುಲಾಮನ್ನು ಎಷ್ಟು ಬಳಿದುಕೊಂಡೆನೆಂದರೆ, "ಸೊಳ್ಳೆ ಬಿಡು, ನಾನೇ ಹತ್ತಿರ ಬರೋ ಹಾಗಿಲ್ಲ" ಎಂದರು ಅಪ್ಪ. ಚಪ್ಪಲಿ ಮೆಟ್ಟುವ ಮುಂಚೆ ಕೋಲಿನಿಂದ ತಿವಿಯುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ತುರುಕಿ, ಎಲ್ಲಾದರೂ ಹೊಲಿಗೆ ಬಿಟ್ಟಿದೆಯೇ ಎಂದು ತಡವುವುದು. ಆಸ್ಪತ್ರೆಗಳಿಗೆ ಪರದೆ ಹೊಲಿದೇ ಕೈ ಸವೆಸಿದವಳು ತಾನೇ? ಒಂದು ಕಡೆ ಬಿಟ್ಟಿತ್ತು. ಕೂತು ಹೊಲಿದೆ.

ಇಷ್ಟೆಲ್ಲ ಮಾಡಿದವಳಿಗೇ ಕಡಿಯಿತು ನೋಡು. ತೋಟದ ದಾರಿಯಲ್ಲಿ ಕಾಲುಚೀಲ ಜಾರಿದ ಕಡೆ, ಹಿಮ್ಮಡಿಯ ಮೇಲೆ ಚುರುಕ್ ಎಂದಿತು. ಏನು ಕಡಿಯಿತೋ ಕಾಣಲಿಲ್ಲ. ಊಟದ ಹೊತ್ತಿಗೆ ಕಾಲು ಊದಿಕೊಂಡು ಕೆಂಪಗಾಯಿತು. ಮರಿಯ ಮುಖ ಕಣ್ಣ ಮುಂದೆ ಬಂತು. ಅಪ್ಪ ನನ್ನನ್ನು ತೋಳು ಹಿಡಿದು ಬೀದಿಯ ಕೊನೆಯ ದವಾಖಾನೆಗೆ ನಡೆಸಿಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ನಿನ್ನ ವಯಸ್ಸಿನವರು. ಕಾಲು ನೋಡಿ, ಉಸಿರು ನೋಡಿ, ಮಾತ್ರೆ ಕೊಟ್ಟು, ಕೆಂಪಾದ ಜಾಗದ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದರು.

"ಕೆಂಪು ಈ ಗೆರೆ ದಾಟಿದ್ರೆ, ಇಲ್ಲಾ ಉಸಿರಾಡೋದು ಕಷ್ಟ ಅನ್ನಿಸಿದ್ರೆ ತಕ್ಷಣ ಬನ್ನಿ. ದಾಟಲಿಲ್ಲ ಅಂದ್ರೆ ಸಮುದ್ರ ನೋಡ್ತಾ ಕೂತ್ಕೊಳ್ಳಿ" ಎಂದರು.

"ಕಾಲಿಗೊಂದು ಗಡಿಯಾರ ಬರೆದಿದ್ದಾರೆ, ಮುಳ್ಳು ಮಾತ್ರ ಇಲ್ಲ" ಎಂದರು ಅಪ್ಪ. ನನಗೆ ಅಳುವಿನ ನಡುವೆ ನಗು ಬಂತು.

ಹೊರಡುವಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, "ಈ ಹೆದರಿಕೆ ಹೋಗೋದಕ್ಕೆ ಏನಾದ್ರೂ ಔಷಧಿ ಇದೆಯಾ ಅಮ್ಮಾ?" ಎಂದು. ಆಕೆ ನಗಲಿಲ್ಲ. "ಕತ್ತಲ ಮೂಲೆಗೆ ನೋಡದೇ ಕೈ ಹಾಕಬೇಡಿ, ಚಪ್ಪಲಿ ಕೊಡವಿ ಹಾಕ್ಕೊಳ್ಳಿ. ಅಷ್ಟು ಎಚ್ಚರ ಸಾಕು. ಆಮೇಲೆ, ಹೆದರಿಕೆ ಪೂರ್ತಿ ಹೋಗಲಿ ಅಂತ ಕಾಯ್ತಾ ಕೂರಬೇಡಿ. ಹೆದರ್ಕೊಂಡೇ ಮಾಡೋ ಕೆಲಸ ಮಾಡಿ" ಎಂದರು.

ಕೆಂಪು ಗೆರೆ ದಾಟಲಿಲ್ಲ ಗುಬ್ಬಿ. ಮಾರನೆಯ ದಿನ ಸ್ನಾನದಲ್ಲಿ ಗೆರೆಯೂ ಹೋಯಿತು. ಈಗ ಅಲ್ಲೊಂದು ಚುಕ್ಕೆ ಇದೆ, ಅಷ್ಟೇ.

ಇನ್ನು ನೀನು ನಂಬದ ಸುದ್ದಿ. ನಿನ್ನಮ್ಮನಿಗೆ ಧೈರ್ಯ ಬಂದಿದೆ. ಕಲಿಸಿದವರು ನಿನ್ನಪ್ಪ. ಈ ಸಲ ತೋರಿಸುವುದು ಅವರು, ಹಿಡಿಯುವುದು ನಾನು. ದವಾಖಾನೆಗೆ ಹೋಗಿಬಂದ ಮಾರನೆಯ ಮಧ್ಯಾಹ್ನ ಅವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ, "ಕಿಟಕಿ ಪರದೆ ಮೇಲೆ ಒಂದಿದೆ, ನೋಡು" ಎಂದರು. ಏಳಲಿಲ್ಲ. ನಾನು ನೀರಿನ ಲೋಟವನ್ನೂ ಒಂದು ರಟ್ಟಿನ ಚೂರನ್ನೂ ಹಿಡಿದು ಹೆದರಿಕೊಂಡೇ ಹೋದೆ. ಮೊದಮೊದಲು ದೂರದಿಂದಲೇ ಪರದೆ ಜಾಡಿಸುತ್ತಿದ್ದೆ. ಆಮೇಲೆ ಹತ್ತಿರ ಹೋದೆ. ಈಗ ಬರಿಗೈಯಲ್ಲಿ ಪರದೆಯ ಮಡಿಕೆ ಬಿಡಿಸುತ್ತೇನೆ, ಹೊದಿಕೆ ಕೊಡವುತ್ತೇನೆ, ಅವರ ಅಂಗಿಯ ತೋಳೊಳಗೆ ಕೈ ಹಾಕುತ್ತೇನೆ. ಕಾಲುಚೀಲ ಪೆಟ್ಟಿಗೆಯ ತಳ ಸೇರಿದೆ. ಅಳಿಯಂದಿರಿಗೂ ಹೇಳು, ಅತ್ತೆಯನ್ನು ಇನ್ನು ಮುಂದೆ ಪ್ಲಾಸ್ಟಿಕ್ ಜಿರಲೆ ತೋರಿಸಿ ಕುಣಿಸಲಾಗದು ಎಂದು.

ಮರಿಗೆ ಕಪ್ಪೆಚಿಪ್ಪು ಆರಿಸಿದ್ದೇವೆ. ಬಟ್ಟೆ ಒಗೆಯುವ ಯಂತ್ರವನ್ನು ರಿಪೇರಿಗೆ ಕೊಟ್ಟೆಯಾ? ಬೆನ್ನು ನೋವು ಹೇಗಿದೆ? ಕೆಲಸದಿಂದ ಬಂದವಳು ನಿಂತಲ್ಲೇ ತಿನ್ನಬೇಡ, ಕೂತು ತಿನ್ನು.

ನೀನು ತಣ್ಣಗಿರು, ನಿನ್ನ ಮನೆ ತುಂಬಿರಲಿ, ಮರಿ ನಗುನಗುತ್ತಾ ಬೆಳೆಯಲಿ. ಅಪ್ಪನ ಕೈ ನಿನ್ನ ತಲೆಯ ಮೇಲಿದೆ ಎಂದು ತಿಳಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ ಗುಬ್ಬಿ. ಅಪ್ಪ ದಂಡೆಯಿಂದ ಬಂದವರು, "ಬರೆದ್ಯಾ?" ಎಂದರು. "ಬರೆದೆ" ಎಂದೆ. "ಅದನ್ನ?" ಎಂದರು. ಲಕೋಟೆಯನ್ನು ಮಡಿಲಿಗೆ ಎಳೆದುಕೊಂಡೆ. "ಬರಿ" ಎಂದರು. ಅದಕ್ಕೇ ಲಕೋಟೆ ಮತ್ತೆ ತೆರೆದಿದ್ದೇನೆ. ಈಗ ನೀನು ಎಲ್ಲಾದರೂ ಕೂತುಕೊಂಡು ಓದು.

ಅಪ್ಪ ತೋರಿಸಿದ ಆ ಜೇಡಗಳು ಇರಲಿಲ್ಲ.

ಮೊದಲ ದಿನ ಪರದೆಯ ಮೇಲೆ ಏನೂ ಕಾಣಲಿಲ್ಲ. ಓಡಿಹೋಗಿರಬೇಕು ಎಂದುಕೊಂಡೆ. ಎರಡನೆಯ ಸಲ ಅವರು ತೋರಿಸಿದ್ದು ಹಾಸಿಗೆಯ ಮೇಲೆ. ಆಗತಾನೇ ಹಾಸಿದ ಬಿಳಿ ಬಟ್ಟೆ, ಒಂದು ನೂಲು ಬಿದ್ದಿದ್ದರೂ ನನ್ನ ಕಣ್ಣಿಗೆ ಕಾಣುತ್ತಿತ್ತು. "ಎಲ್ಲಿ ರೀ?" ಎಂದೆ. "ನಿನ್ನ ಕೈ ಹತ್ರಾನೇ ಇದೆಯಲ್ಲ. ಈಗ ಕೈ ಮೇಲೆ ಹತ್ತುತಾ ಇದೆ, ಅಲ್ಲಾಡಬೇಡ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ನನ್ನ ಕೈಯನ್ನೇ ನೋಡಿದೆ. ಬರೀ ಕೈ. ನನ್ನ ಬಳೆ, ನನ್ನ ಸೂಜಿ ಚುಚ್ಚಿದ ಬೆರಳುಗಳು.

ಕೂದಲಿನ ಎಳೆಯಷ್ಟು ಸಣ್ಣ ತಂತಿಯನ್ನು ನೋಡಿ ಎತ್ತಿ ಗಡಿಯಾರದೊಳಗೆ ಕೂರಿಸಿದ ನಿನ್ನಪ್ಪನ ಕಣ್ಣು ಅದು. ನನ್ನ ಕಣ್ಣು ತಪ್ಪಬಹುದು, ಅವರದು ತಪ್ಪುತ್ತದೆಯೇ? ಅದಕ್ಕೇ ಹುಡುಕಿದೆ. ದಿಂಬಿನ ಚೀಲದೊಳಗೆ, ಮಂಚದ ಅಡಿ, ಅವರ ಬೂಟಿನೊಳಗೆ, ಡಾಕ್ಟರಮ್ಮ ಬೇಡವೆಂದ ಕತ್ತಲ ಮೂಲೆಗಳಲ್ಲೂ ಕೈ ಹಾಕಿ ಹುಡುಕಿದೆ. ಒಂದಾದರೂ ಸಿಗಲಿ, ಬೇಕಾದರೆ ಕಚ್ಚಲಿ, ಇದ್ದರೆ ಸಾಕು ಎಂದು ಬೇಡಿಕೊಂಡೆ. ಧೈರ್ಯ ಬಂದಿದೆ ಎಂದು ಮೇಲೆ ಬರೆದೆನಲ್ಲ, ಅದು ಧೈರ್ಯವಲ್ಲ ಮಗಳೇ. ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಕೂತಾಗ ಸಣ್ಣದು ಎದ್ದುಹೋಗಿದೆ.

ನಿನ್ನೆ ಬೆಳಿಗ್ಗೆ ಬಚ್ಚಲಿಗೆ ಹೋದರೆ ಕನ್ನಡಿಯ ಪಕ್ಕ ಗೋಡೆಯ ಮೇಲೆ ಅಂಗೈಯಗಲದ ಜೇಡ. ಕಂದು ಬಣ್ಣ, ಕಾಲ ತುಂಬ ರೋಮ. ನಾನು ಕಿರುಚಲಿಲ್ಲ. ಏನೆಂದು ಹೇಳದೆ, "ರೀ, ಸ್ವಲ್ಪ ಇಲ್ಲಿ ಬನ್ನಿ. ಗೋಡೆ ಮೇಲೆ ಏನಾದ್ರೂ ಕಾಣಿಸ್ತಿದೆಯಾ?" ಎಂದೆ.

ಅಪ್ಪ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. "ಜೇಡ. ದೊಡ್ಡದು. ಎಡಗಡೆ ಒಂದು ಕಾಲು ಮುರಿದಿದೆ ಅದಕ್ಕೆ" ಎಂದರು.

ಹತ್ತಿರ ಹೋಗಿ ಎಣಿಸಿದೆ. ನಿಜ, ಎಡಕ್ಕೆ ಮೂರೇ ಕಾಲು. ಅಷ್ಟು ಹೊತ್ತು ಬಿಗಿಹಿಡಿದದ್ದೆಲ್ಲ ಸಡಿಲವಾಗಿ, ಬಚ್ಚಲ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ನಾನು ಹೆದರಿ ಅಳುತ್ತಿದ್ದೇನೆ ಎಂದು ಅವರು ತಿಳಿದಿರಬೇಕು ಎಂದುಕೊಂಡೆ. ಅವರು ಕೇಳಿದರು, "ಮಿಕ್ಕಿದ್ದೆಲ್ಲ ಇರಲಿಲ್ಲ, ಅಲ್ವಾ?"

ಅವರ ಕೈ ಹಿಡಿದುಕೊಂಡೆ.

"ನನಗೂ ಅನುಮಾನ ಇತ್ತು ಕಣೆ. ನಮ್ಮೂರಲ್ಲೇ ಶುರುವಾಗಿತ್ತು. ಅಂಗಡೀಲಿ ಬಿಚ್ಚಿಟ್ಟ ಗಡಿಯಾರದ ಮೇಲೆಲ್ಲ ಇರುವೆ ಹರಿದಾಡ್ತಿತ್ತು. ಊದಿದ್ರೆ ಹೋಗ್ತಿರಲಿಲ್ಲ. ಅದಕ್ಕೇ ಬೀಗ ಹಾಕಿದ್ದು. ಕೈ ನಡುಗುತ್ತೆ ಅಂತ ನಿಮಗೆಲ್ಲ ಹೇಳ್ದೆ. ಇಲ್ಲಾದ್ರೆ ಹುಳ ಇರೋ ಊರು, ಕಂಡ್ರೂ ಯಾರೂ ತಪ್ಪು ತಿಳಿಯಲ್ಲ ಅಂದ್ಕೊಂಡೆ."

"ಮತ್ತೆ ನನ್ನ ಯಾಕೆ ಕರೀತಿದ್ರಿ?" ಎಂದೆ.

"ನೀನು ಹೋಗಿ ಕೈ ಇಟ್ಟ ತಕ್ಷಣ ಅದು ಹೋಗ್ತಿತ್ತು. ನಾನೇ ಹೋದ್ರೆ ಹೋಗಲ್ಲ" ಎಂದರು.

ಕೋಣೆ ಗುಡಿಸಲು ಬಂದ ಹೆಂಗಸು ಪೊರಕೆ ಎತ್ತಿದಳು. "ಅದನ್ನ ಹಾಗೇ ಬಿಡಮ್ಮಾ" ಎಂದು ನಾನೇ ತಡೆದೆ. ಅವಳಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು. ನಮ್ಮಿಬ್ಬರಿಗೂ ಕಂಡ ಜೇಡ ಅದೊಂದೇ, ಹೊಡೆಯಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಅದೇ ಡಾಕ್ಟರಮ್ಮನ ಹತ್ತಿರ ಹೋದೆವು. ಅಪ್ಪ ತಾವೇ ಎಲ್ಲ ಹೇಳಿದರು, ಗಿರಾಕಿಗೆ ಗಡಿಯಾರದ ದೋಷ ವಿವರಿಸುವ ಹಾಗೆ, ಒಂದೊಂದಾಗಿ. ಆಕೆ ಕೈ ಮಡಚಿಸಿ, ನಡೆಸಿ, ಒಂದು ಸಾಲು ಬರೆಸಿ ನೋಡಿದರು. ಅಕ್ಷರ ಬರಬರುತ್ತಾ ಸಾಸಿವೆಯಷ್ಟು ಸಣ್ಣದಾಗಿತ್ತು. ಇದು ಮಿದುಳಿನ ಕಾಯಿಲೆ ಇರಬಹುದು, ಊರಿಗೆ ಹೋದ ಕೂಡಲೇ ನರರೋಗದ ತಜ್ಞರಿಗೆ ತೋರಿಸಿ, ಅವರನ್ನು ಕೇಳದೆ ಯಾವ ನಿದ್ರೆಮಾತ್ರೆಯನ್ನೂ ಕೊಡಬೇಡಿ ಎಂದರು. "ಇಲ್ಲ ಅಂತ ವಾದ ಮಾಡಬೇಡಿ, ಇದೆ ಅಂತ ಹೆದರಿಸಲೂ ಬೇಡಿ" ಎಂದೂ ಹೇಳಿದರು. ವಾಸಿಯಾಗುತ್ತದೆಯೇ ಎಂದು ಕೇಳಿದೆ. ಆಕೆ ತಜ್ಞರಿಗೊಂದು ಚೀಟಿ ಬರೆದು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಫೋನಿನಲ್ಲಿ ಹೇಳಬಹುದಿತ್ತು. ಅಪ್ಪನೇ ಬೇಡವೆಂದರು. "ಫೋನಲ್ಲಿ ಹೇಳಿದ್ರೆ ಅವಳು ನಮಗೋಸ್ಕರ ಅಳು ನುಂಗ್ತಾಳೆ. ಕಾಗದ ಓದಿದ್ರೆ ಬೇಕಾದಷ್ಟು ಅತ್ಕೊಳ್ಳಲಿ" ಎಂದರು. ತಾವೇ ಬರೆಯಲು ಕೂತು, ತಮ್ಮ ಅಕ್ಷರ ನೋಡಿ ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಅತ್ತು ಮುಗಿಸಿ ತಜ್ಞರ ಸಮಯ ಗೊತ್ತುಮಾಡು. ನಾವು ಇನ್ನುಳಿದ ದಿನಗಳನ್ನು ಇಲ್ಲೇ ಕಳೆದು ಬರುತ್ತೇವೆ, ಅದು ಅಪ್ಪನ ಆಸೆ. ಸಮುದ್ರ ನನಗೂ ಕಾಣುತ್ತದೆ, ಅವರಿಗೂ ಕಾಣುತ್ತದೆ. ಬರುವ ದಿನ ನಿಲ್ದಾಣಕ್ಕೆ ನೀನೊಬ್ಬಳೇ ಬಾ. ಅವರ ತೋಳಿನ ಮೇಲೆ ಏನೋ ಇದೆ ಎಂದರೆ ಎಲ್ಲಿ, ಏನು ಎಂದು ಕೇಳಬೇಡ, ಸುಮ್ಮನೆ ಕೈ ಇಡು.

ಅಪ್ಪ ಕರೆಯುತ್ತಿದ್ದಾರೆ. ಪರದೆಯ ಮೇಲೆ ಒಂದಿದೆಯಂತೆ. ಹೋಗಿ ತೆಗೆದು ಬರುತ್ತೇನೆ.