ಮಡಚಿಟ್ಟ ಅಮ್ಮ

ಅಪ್ಪಾ,

ತೀರ್ಥರೂಪ ಅಂತ ಶುರುಮಾಡಲು ಈ ಸಲ ಕೈ ಬರಲಿಲ್ಲ. ಬರೀ ಅಪ್ಪ, ಅಷ್ಟೇ.

ಸಣ್ಣವಳಿದ್ದಾಗ ಜಗಲಿಯ ಗೋಡೆಯಲ್ಲಿದ್ದ ಆ ಫೋಟೋ ತೋರಿಸಿ ನಿಮ್ಮನ್ನು ಕೇಳಿದ್ದೆ, ನೆನಪುಂಟಾ? ನೀವು ಕುರ್ಚಿಯಲ್ಲಿ, ನಿಮ್ಮ ತೊಡೆಯ ಮೇಲೆ ನಾನು. ನನ್ನ ಪಾದದ ಹತ್ತಿರ, ಚೌಕಟ್ಟಿನ ಅಂಚಿನಲ್ಲಿ, ಯಾರದೋ ಬೆರಳುಗಳು. "ಅದು ಸ್ಟುಡಿಯೋದವನದ್ದು ಮಗಳೇ, ನೀನು ಕೂತಲ್ಲಿ ಕೂರ್ತಿರಲಿಲ್ಲ" ಅಂದಿರಿ. ಹೆತ್ತವಳ ಫೋಟೋ ಎಲ್ಲಿ ಅಂದರೆ, "ತೆಗೆಸಲೇ ಇಲ್ಲ. ಚಿಕ್ಕಮ್ಮನ ಎದುರು ಇದನ್ನೆಲ್ಲ ಕೇಳಬೇಡ, ಅವಳಿಗೆ ಬೇಜಾರಾಗ್ತದೆ" ಅಂದಿರಿ. ನಾನು ಕೇಳಲಿಲ್ಲ. ನನಗೆ ಬುದ್ಧಿ ಬರುವ ಮೊದಲೇ ಹೋದವಳ ಮುಖವನ್ನು ಕನ್ನಡಿಯಲ್ಲಿ ಹುಡುಕಿಕೊಂಡೇ ದೊಡ್ಡವಳಾದೆ.

ಕಳೆದ ತಿಂಗಳು ಆ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ನಿಮ್ಮ ತಿಥಿಯೊಳಗೆ ಹೊಸ ಫ್ರೇಮ್ ಹಾಕಿಸೋಣ ಅಂತ ಪುತ್ತೂರಿನ ಸ್ಟುಡಿಯೋಗೆ ಒಯ್ದೆ. ಹಿಂದಿನ ರಟ್ಟು ಬಿಡಿಸುತ್ತಿದ್ದ ಹಮೀದಣ್ಣ ಕೈ ನಿಲ್ಲಿಸಿದರು. "ಅಕ್ಕಾ, ಇದು ಮಡಚಿ ಹಾಕಿದ್ದು. ಹಿಂದೆ ಇನ್ನೊಬ್ಬರು ಇದ್ದಾರೆ."

ಇದ್ದಳು ಅಪ್ಪ. ಸೀರೆ ಇತ್ತು, ಬಳೆ ಇತ್ತು, ನನ್ನ ಪಾದ ಹಿಡಿದ ಕೈ ಇತ್ತು. ಮುಖ ಮಾತ್ರ ಇರಲಿಲ್ಲ. ಅಷ್ಟು ಮಳೆಗಾಲದ ತೇವಕ್ಕೆ ಅದು ರಟ್ಟಿಗೆ ಅಂಟಿ ಕಿತ್ತುಹೋಗಿತ್ತು. ನಿಮ್ಮ ಮುಖದ ಮೇಲೆ ಒಂದು ಕಲೆಯೂ ಇಲ್ಲ. ಸ್ಟುಡಿಯೋದವನ ಬೆರಳಂತೆ. ಅಷ್ಟು ಸಲೀಸಾಗಿ ಹೇಗೆ ಬಂತು ನಿಮಗೆ ಆ ಸುಳ್ಳು? ಮಗಳ ಎದುರೇ, ಅವಳ ಅಮ್ಮನ ಬೆರಳನ್ನು...

"ಬೇರೆ ಫೋಟೋ ಇಲ್ಲದಿದ್ದರೆ ನಿಮ್ಮ ಮುಖ ನೋಡಿಯೇ ಕಂಪ್ಯೂಟರಿನಲ್ಲಿ ಮಾಡುದು" ಅಂದರು ಹಮೀದಣ್ಣ. ನನ್ನ ಮುಖ ನನಗೆ ಬೇಡವಾಗಿತ್ತು.

ಕುಂಬ್ರದಲ್ಲಿ ತಮ್ಮನ ಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ಫೋಟೋ ಇಟ್ಟೆ. ಜಗಳಕ್ಕೆಂದೇ ಹೋದದ್ದು. ಅವರು ಅದನ್ನು ಕೈಗೆತ್ತಿಕೊಂಡರು. "ನಾನು ಮದುವೆಯಾಗಿ ಬಂದ ವಾರವೇ ಮಡಚಿದ್ದು. ಇರಲಿ ಅಂತ ನಾನೇ ಹೇಳಿದ್ದೆ, ಕೇಳ್ಲಿಲ್ಲ. ಹುಡುಗಿ ಎದುರು ಅವಳ ಅಮ್ಮನ ಸುದ್ದಿ ತೆಗೀಬೇಡ, ಅಳ್ತಾಳೆ ಅಂತ ನನ್ನ ಬಾಯಿ ಮುಚ್ಚಿಸಿದ್ರು." ನೆಪಕ್ಕೆ ನನಗೆ ಅವರ ಹೆಸರು ಹೇಳಿದಿರಿ, ಅವರಿಗೆ ನನ್ನ ಹೆಸರು. ಬೇಜಾರಾಗುತ್ತಿದ್ದದ್ದು ನಿಮಗೊಬ್ಬರಿಗೇ ಅಲ್ಲವಾ?

ನಿನ್ನೆ ಚಿಕ್ಕಮ್ಮ ನನ್ನ ಜೊತೆ ಪುತ್ತೂರಿಗೆ ಬಂದು ಕಂಪ್ಯೂಟರಿನ ಪಕ್ಕ ಕುಳಿತರು. ಮಡಚುವ ಮೊದಲು ಆ ಮುಖ ನೋಡಿದವರು ಇನ್ನು ಯಾರಿದ್ದಾರೆ? "ಮೂಗು ಇಷ್ಟು ಉದ್ದ ಬೇಡ ಮಾರಾಯ್ರೆ. ಹುಬ್ಬು ಸ್ವಲ್ಪ ಕೂಡಿತ್ತು." ಹಮೀದಣ್ಣ ಅಳಿಸಿದರು, ಬರೆದರು, ಪುನಃ ಅಳಿಸಿದರು. ಕೊನೆಗೆ ಚಿಕ್ಕಮ್ಮ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ, ಗದ್ದದಲ್ಲಿ ಒಂದು ಗುಳಿ" ಅಂದರು.

ತಿಥಿಗೆ ಪೂರ್ತಿ ಫೋಟೋವೇ ಗೋಡೆಗೆ ಏರುತ್ತದೆ. ಹೂ ಹಾಕುವುದು ಚಿಕ್ಕಮ್ಮ. ನಿಮ್ಮನ್ನು ಕ್ಷಮಿಸಲು ಮಾತ್ರ ನನ್ನಿಂದ ಆಗಿಲ್ಲ. ನನ್ನ ಮಗಳು ಹುಟ್ಟಿದಾಗ ಅವಳ ಗದ್ದದ ಗುಳಿ ಮುಟ್ಟಿ, "ಇದು ಯಾರ ಕಡೆಯಿಂದ ಬಂತು ಮಾರಾಯ್ರೆ" ಅಂತ ಬಂದವರನ್ನೆಲ್ಲ ಕೇಳಿದವರು ನೀವು.