ಮೇಲೆ ಯಾರೂ ಇರಲಿಲ್ಲ, ಭಾವ

ಪ್ರೀತಿಯ ಭಾವನಿಗೆ,

ಈ ಕಾಗದ ತಂದ ವಾಚ್‌ಮನ್‌ಗೆ ಮೊದಲು ಒಂದು ಲೋಟ ನೀರು ಕೊಡಿ. ಪಾಪ, ನನ್ನ ಮುಖ ನೋಡಿಯೇ ಗಾಬರಿಯಾಗಿ, ಏನು ಎತ್ತ ಎಂದು ಕೇಳದೆ ಸೈಕಲ್ ಏರಿದ್ದಾರೆ. ಆಮೇಲೆ ಎಲ್ಲಾದರೂ ಕೂತು ಓದಿ. ನಿಂತುಕೊಂಡು ಓದಬೇಡಿ. ಅಕ್ಕನಿಗೆ ಏನೂ ಆಗಿಲ್ಲ, ಅಮ್ಮನಿಗೂ ಏನೂ ಆಗಿಲ್ಲ. ನನಗೂ ಮೈಮೇಲೆ ಒಂದು ಗೀರಿಲ್ಲ. ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಹೇಗಾದರೂ ಕೂಡಿಸಿಕೊಂಡು ಓದಿ.

ಫೋನ್ ಮೂರು ಸಲ ಮಾಡಿದೆ. ಕೆಲಸದ ಹೊತ್ತಿನಲ್ಲಿ ಫೋನ್ ವ್ಯಾನಿನಲ್ಲೇ ಇರಬೇಕು ಎಂಬ ಕಂಪನಿಯ ಆ ಒಂದು ನಿಯಮವನ್ನು ಮಾತ್ರ ನೀವು ಚಾಚೂ ತಪ್ಪದೆ ಪಾಲಿಸುತ್ತೀರಿ. ನಿಜ ಹೇಳಬೇಕೆಂದರೆ ನೀವು ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತು. ನೀವು 'ಏನಮ್ಮ ಪುಟ್ಟಿ' ಅಂದಿದ್ದರೆ ಸಾಕಿತ್ತು, ನಾನು ಅಲ್ಲಿಗೇ ಕರಗಿಹೋಗುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಒಂದನ್ನೂ ಹೇಳುತ್ತಿರಲಿಲ್ಲ.

ಒಂಬತ್ತು ಮಹಡಿಯ ಕಟ್ಟಡದಲ್ಲಿದ್ದೇನೆ. ಏಳನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಐದು ನಿಮಿಷಕ್ಕೊಮ್ಮೆ ಅದು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಊರುಗೋಲಿನ ಅರ್ಧ ತುಂಡು ಬಿದ್ದಿದೆ. ಇನ್ನರ್ಧ ಲಿಫ್ಟಿನ ಕೆಳಗೆ ಗುಂಡಿಯಲ್ಲಿದೆ.

ಏಳನೇ ಮಹಡಿಯ ನಿವೃತ್ತ ಮೇಷ್ಟ್ರು ನಿಮಗೆ ಗೊತ್ತಲ್ಲ, ನಾವು ಲಿಫ್ಟ್ ಪರೀಕ್ಷೆಗೆ ಬಂದಾಗಲೆಲ್ಲ ಬಾಗಿಲು ತೆಗೆದು 'ನಮ್ಮ ಯಂತ್ರದ ವೈದ್ಯರು ಬಂದ್ರು' ಎನ್ನುವವರು. ಇವತ್ತು ಹನ್ನೊಂದೂವರೆಗೆ ಅವರೂ ನಾನೂ ಒಟ್ಟಿಗೆ ಲಿಫ್ಟ್ ಹತ್ತಿದೆವು. ಏಳರಲ್ಲಿ ನಿಂತಿತು, ಬಾಗಿಲು ತೆರೆಯಿತು. ಅವರು ಕೋಲನ್ನು ಹೊರಗೆ ಊರಿ, ಒಂದು ಕಾಲು ಎತ್ತಿದ್ದರು. ಆಗ ಲಿಫ್ಟ್ ಬಾಗಿಲು ತೆರೆದಂತೆಯೇ ಕೆಳಗೆ ಜಾರಿತು, ಭಾವ. ಸದ್ದಿಲ್ಲದೆ ಜಾರಿತು. ನಾನು ಅವರ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಕೋಲು ಲಿಫ್ಟಿಗೂ ಮಹಡಿಯ ನೆಲಕ್ಕೂ ನಡುವಿನ ಸಂದಿಗೆ ಸಿಕ್ಕಿ ಲಟಕ್ಕನೆ ಮುರಿಯಿತು. ಒಂದು ಮೊಳ ಕೆಳಗಿಳಿದು ಲಿಫ್ಟ್ ತಾನಾಗಿಯೇ ನಿಂತಿತು. ಆ ಕೋಲಿನ ಜಾಗದಲ್ಲಿ ಅವರ ಕಾಲು ಇರಬೇಕಿತ್ತು. ಅರ್ಧ ಕ್ಷಣ, ಅಷ್ಟೇ.

ಅವರು ನನ್ನನ್ನೇ ಸಮಾಧಾನ ಮಾಡಿದರು. 'ಕೋಲು ತಾನೇ ಮುರಿದಿದ್ದು, ಇನ್ನೊಂದು ತಂದ್ರಾಯ್ತು ಬಿಡಮ್ಮ' ಎಂದರು. ಆಮೇಲೆ, ಹೊಗಳಬೇಕೆಂದೇ, 'ಗೋಡೆ ಮೇಲಿನ ಕಾರ್ಡಲ್ಲಿ ನಿಮ್ಮಿಬ್ಬರ ಸಹಿ ನೋಡಿದ ಮೇಲೇನೇ ನಾನು ಇದರೊಳಗೆ ಕಾಲಿಡೋದು' ಎಂದರು. ಅವರನ್ನು ಮನೆಗೆ ಬಿಟ್ಟು, ಮೆಟ್ಟಿಲು ಹತ್ತಿ ಮೇಲಿನ ಮೋಟರ್ ಕೋಣೆಗೆ ಹೋದೆ. ಬೀಗ ತುಕ್ಕು ಹಿಡಿದಿತ್ತು, ಬಲವಂತವಾಗಿ ತಿರುಗಿಸಿ ತೆಗೆದೆ.

ಒಳಗೆ ನನ್ನ ಎಡಗೈ ಗ್ಲೌಸ್ ಸಿಕ್ಕಿತು.

ನೀವು ಕಳೆದಿರಿ ಎಂದು ಎರಡು ತಿಂಗಳಿಂದ ನಿಮ್ಮ ಪ್ರಾಣ ತಿನ್ನುತ್ತಿದ್ದೆನಲ್ಲ, ಅದೇ ಗ್ಲೌಸ್. ಮೋಟರಿನ ಮೇಲೆ, ನಾನು ಹಿಂದಿನ ಸಲ ಬಿಚ್ಚಿಟ್ಟ ಜಾಗದಲ್ಲೇ, ಐದು ಬೆರಳು ಅಗಲಿಸಿಕೊಂಡು ಮಲಗಿತ್ತು. ಅದರ ಮೇಲೆ ದಪ್ಪಗೆ ಧೂಳು. ನೆಲದ ಮೇಲೂ ಧೂಳು, ಒಂದು ಹೆಜ್ಜೆ ಗುರುತಿಲ್ಲ. ಬ್ರೇಕಿನ ಪ್ಯಾಡು ಸವೆದು ಉಗುರಿನಷ್ಟು ಉಳಿದಿದೆ, ಅದರ ಮೇಲೆ ಎಣ್ಣೆ ಬೇರೆ. ಕೆಳಗೆ ಗೋಡೆಯ ಮೇಲಿರುವ ಕಾರ್ಡಿನಲ್ಲಿ ಮಾತ್ರ ಮೂರು ವಾರದ ಹಿಂದಿನ ತಾರೀಖು ಇದೆ. ಬ್ರೇಕ್ ಪರೀಕ್ಷೆ ಮಾಡಲಾಗಿದೆ, ಸರಿಯಿದೆ. ಮೇಲೆ ಇದ್ದವರು, ನೀವು. ಕೆಳಗೆ ಇದ್ದವರು, ನಾನು. ಸಹಿ, ಸಹಿ.

ಆ ದಿನ ನೀವು ಬಂದಿರಲಿಲ್ಲ. ನಾನೂ ಬಂದಿರಲಿಲ್ಲ. ಇಬ್ಬರೂ ಬಂದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಇವತ್ತು, ಆ ಧೂಳಿನ ಮುಂದೆ ನಿಂತಾಗ.

ಇಬ್ಬರ ಕೆಲಸವನ್ನು ಒಬ್ಬೊಬ್ಬರೇ ಮಾಡಿ ಎಂದು ಕಂಪನಿಯವರು ಬಾಯಿಬಿಟ್ಟು ಹೇಳಿರಲಿಲ್ಲ. ಕಟ್ಟಡಗಳನ್ನು ಏಳರಿಂದ ಹದಿನಾಲ್ಕು ಮಾಡಿದರು, ಅಷ್ಟೇ. ಉಪಾಯ ನಮ್ಮದು. ಬೆಳಿಗ್ಗೆ ವ್ಯಾನಿನಲ್ಲಿ ತಿಂಡಿ ತಿನ್ನುತ್ತಾ ಅಂದಿನ ಕಾರ್ಡುಗಳಿಗೆಲ್ಲ ಇಬ್ಬರೂ ಸಹಿ ಹಾಕಿಬಿಡುವುದು, ಆಮೇಲೆ ಕಟ್ಟನ್ನು ಎರಡು ಪಾಲು ಮಾಡಿಕೊಂಡು ಆ ಕಡೆ ನೀವು, ಈ ಕಡೆ ನಾನು. 'ತಿಂಡಿ ಸಹಿ' ಎಂದು ಅದಕ್ಕೆ ಹೆಸರಿಟ್ಟವಳು ನಾನೇ. ಎಷ್ಟು ನಕ್ಕಿದ್ದೆವು! ಒಂದು ಕಾರ್ಡಿನ ಮೇಲೆ ಚಟ್ನಿ ಬಿದ್ದಾಗ 'ಮೂರನೇ ಸಹಿ ಇದು' ಎಂದಿದ್ದಿರಿ. ಒಬ್ಬರೇ ಹೋದರೆ ಬ್ರೇಕ್ ಪರೀಕ್ಷೆ ಆಗುವುದೇ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮೇಲಿದ್ದವರು ಬ್ರೇಕ್ ಹಿಡಿಯಬೇಕು, ಕೆಳಗಿದ್ದವರು ಎಷ್ಟು ಜಾರಿತು ಎಂದು ಅಳೆಯಬೇಕು. ನಾವು ಒರೆಸಿ, ಎಣ್ಣೆ ಬಿಟ್ಟು, ಕಿವಿಗೊಟ್ಟು ಕೇಳಿ ಬರುತ್ತಿದ್ದೆವು.

ಮೂರು ವಾರದ ಹಿಂದೆ ಅಕ್ಕನಿಗೆ ತಲೆಸುತ್ತು ಬಂದ ಬೆಳಿಗ್ಗೆ ನೆನಪಿದೆಯಾ? ಅರ್ಧ ತಿಂಡಿಯಲ್ಲಿ ಫೋನ್ ಬಂತು, ನೀವು ಎದ್ದು ಓಡಿದಿರಿ. ಈ ಕಟ್ಟಡದ ಕಾರ್ಡು ನಿಮ್ಮ ಪಾಲಿನಲ್ಲಿ ಹೋಯಿತೆಂದು ನಾನು ತಿಳಿದೆ. ನೀವು ನನ್ನ ಪಾಲಿಗೆ ಬಂತೆಂದು ತಿಳಿದಿರಬೇಕು. ಅದು ಎರಡು ದಿನವಾದ ಮೇಲೆ ಸೀಟಿನ ಕೆಳಗೆ ನನಗೆ ಸಿಕ್ಕಿತು. ಭಾವ ಕೆಲಸ ಮುಗಿಸಿ ತಗುಲಿಹಾಕುವುದನ್ನು ಮರೆತಿದ್ದಾರೆ ಎಂದುಕೊಂಡೆ. ನಿಮ್ಮನ್ನು ಕೇಳಲಿಲ್ಲ. ಈ ದಾರಿಯಲ್ಲಿ ಹೋಗುವಾಗ ವ್ಯಾನಿನಿಂದ ಇಳಿಯದೆ, ಗೇಟಿನಲ್ಲೇ ವಾಚ್‌ಮನ್ ಕೈಗೆ ಕೊಟ್ಟು 'ಇದನ್ನ ಸ್ವಲ್ಪ ಗೋಡೆಗೆ ಹಾಕಿಬಿಡಿ' ಎಂದೆ. ಇವತ್ತು ಅವರೇ ನನಗೆ ನೆನಪಿಸಿದರು. ಅವರ ಮುಖದಲ್ಲಿ ಬೈಗುಳ ಏನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹನ್ನೆರಡು ಗಂಟೆಗೆ ನಾನು ನಡತೆ ಮೇಡಂಗೆ ಫೋನ್ ಮಾಡಿದೆ.

ಹೌದು, ಅವರಿಗೇ. ವರ್ಷಕ್ಕೊಂದು ಸಲ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಬಿಸ್ಕತ್ತು ಕೊಟ್ಟು, ನೌಕರರು ಹೇಗಿರಬೇಕು ಹೇಗಿರಬಾರದು ಎಂದು ಪಾಠ ಮಾಡುವ ಅದೇ ಮೇಡಂ. ಅವರು ಕೊಟ್ಟ ನೀಲಿ ಪುಸ್ತಕ ಎಲ್ಲಿದೆ ಹೇಳಿ? ನಮ್ಮ ಊಟದ ಮೇಜಿನ ಕುಂಟು ಕಾಲಿನ ಕೆಳಗೆ. 'ಕೊನೆಗೂ ಒಂದು ಉಪಯೋಗಕ್ಕೆ ಬಂತು' ಎಂದು ನೀವು ಅದನ್ನು ತುರುಕಿದಾಗ ಅಕ್ಕ ಕೂಡ ನಕ್ಕಳು. ನನ್ನ ಪ್ರತಿ ಇಲ್ಲಿ ಟೂಲ್ ಚೀಲದ ತಳದಲ್ಲಿತ್ತು. ಮೇಡಂ ಫೋನ್ ನಂಬರಿಗಾಗಿ ಹಾಳೆ ತಿರುವುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ನೀವು ಸಹಿ ಮಾಡಿದ್ದೀರಿ ಎಂದರೆ ನೀವು ಅಲ್ಲಿದ್ದಿರಿ ಎಂದರ್ಥ, ಎಂದು ಬರೆದಿದೆ. ಎರಡು ಪುಟದ ಆಚೆಗೆ, ಸಂಬಂಧಿಕರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸಾಕ್ಷಿ ಸಹಿ ಹಾಕುವಂತಿಲ್ಲ, ಸಂಬಂಧ ಇದ್ದರೆ ಮೊದಲೇ ತಿಳಿಸಬೇಕು, ಎಂದಿದೆ. ನನ್ನನ್ನು ಕೆಲಸಕ್ಕೆ ಸೇರಿಸಿದ ದಿನ ಆ ಜಾಗವನ್ನು ಖಾಲಿ ಬಿಡು ಎಂದವರು ನೀವು. ಬಿಟ್ಟವಳು ನಾನು. ಆರು ವರ್ಷದಿಂದ ಕಂಪನಿಯಲ್ಲಿ ನೀವು ನನಗೆ 'ಸರ್', ಮನೆ ಹೊಸಿಲು ದಾಟಿದರೆ 'ಭಾವ'. ಎಲ್ಲರ ಮುಂದೆ ನೀವು ನನ್ನನ್ನು 'ಮೇಡಂ' ಎಂದಾಗ ನಗು ತಡೆಯಲು ನಾನು ಕೆಮ್ಮುತ್ತಿದ್ದೆ.

ಮೇಡಂ ಕೂಗಾಡಲಿಲ್ಲ. ಹದಿನಾಲ್ಕು ಕಟ್ಟಡದ ಹೆಸರನ್ನೂ ಬರೆದುಕೊಂಡರು, ಉಳಿದ ಹದಿಮೂರನ್ನೂ ಈಗಲೇ ನಿಲ್ಲಿಸುತ್ತೇನೆ ಎಂದರು. ಸುಳ್ಳು ಸಹಿ ನನ್ನದು ಎಂದು ಹೇಳಿದೆ. ಅವರು, 'ಇನ್ನೊಂದು ಸಹಿ ಇದೆಯಲ್ಲಮ್ಮ, ಅವರೂ ಅಲ್ಲಿರಲಿಲ್ವಾ?' ಎಂದರು. ಆಮೇಲೆ, 'ಅವರು ನಿಮಗೆ ಏನಾಗಬೇಕು?' ಎಂದರು. 'ನಾಲ್ಕು ಗಂಟೆಗೆ ನೀವಿಲ್ಲಿಗೆ ಬನ್ನಿ ಮೇಡಂ, ಎಲ್ಲ ಹೇಳ್ತೀನಿ' ಎಂದು ಇಟ್ಟುಬಿಟ್ಟೆ.

ಈಗ ಒಂದೂ ಕಾಲು. ಒಂದೊಂದು ಲಿಫ್ಟ್ ನಿಂತ ಹಾಗೂ ಅವರು ಸಂದೇಶ ಕಳಿಸುತ್ತಿದ್ದಾರೆ. ಈ ಪುಟ ಶುರು ಮಾಡಿದಾಗ ಎಂಟು ನಿಂತಿದ್ದವು. ಈಗ ಹನ್ನೊಂದು. ಉಳಿದ ಎರಡು ಈ ಸಾಲು ಬರೆಯುವಾಗಲೂ ಹತ್ತಿಳಿಯುತ್ತಿವೆ, ಬಾಗಿಲು ತೆರೆಯುತ್ತಿವೆ, ಜನ ಕಾಲಿಡುತ್ತಿದ್ದಾರೆ. ನನಗೆ ತುಂಬ ಭಯವಾಗುತ್ತಿದೆ, ಭಾವ. ಫೋನ್ ಗುಂಯ್ ಎಂದರೂ ಭಯ, ಸುಮ್ಮನಿದ್ದರೂ ಭಯ. ಅಕ್ಕನ ಮುಖ ನೆನೆಸಿಕೊಂಡರೆ ಭಯ. ಏಳು ತಿಂಗಳ ಬಸುರಿಗೆ ಈ ಸುದ್ದಿ ಹೇಗೆ ಹೇಳುವುದು? ಇಬ್ಬರ ಕೆಲಸವೂ ಹೋದರೆ ನಮ್ಮ ಮನೆ ಹೇಗೆ ನಡೆಯುತ್ತದೆ? ಹಿಂದಿನ ಕೋಣೆಯಲ್ಲಿ ನನಗೆ ಜಾಗ ಕೊಟ್ಟು, ಕೆಲಸ ಕಲಿಸಿ, ಅಪ್ಪ ಇಲ್ಲದ ಮನೆಗೆ ಅಪ್ಪನಂತೆ ನಿಂತವರ ಮೇಲೆ ನಾನೇ ದೂರು ಕೊಡಬೇಕೆ?

ಹನ್ನೆರಡಾಯಿತು. ಈಗ ಬಂತು ಸಂದೇಶ.

ಉಳಿದಿರುವುದು ಅಕ್ಕನ ಆಸ್ಪತ್ರೆಯದು.

ಅದನ್ನು ನೋಡಿದ ಕೂಡಲೇ ಎದ್ದು ನಿಂತುಬಿಟ್ಟೆ. ಇವತ್ತು ಎರಡು ಗಂಟೆಗೆ ಅಕ್ಕ ಅಲ್ಲಿಗೆ ಹೋಗಬೇಕು, ಅಮ್ಮನ ಜೊತೆ. ಅವಳಿಗೆ ಫೋನ್ ಮಾಡಿದೆ. 'ಯಾಕೇ, ಒಂಥರಾ ಮಾತಾಡ್ತಿದ್ದೀಯಲ್ಲ' ಎಂದಳು. ಲಿಫ್ಟ್ ಹತ್ತಬೇಡ ಎಂದೆ. ಅವಳು ನಕ್ಕಳು. 'ಹತ್ತೋದಕ್ಕೆ ನಿಮ್ಮ ಭಾವ ಬಿಟ್ಟರೆ ತಾನೇ! ಡಾಕ್ಟರು ನಡೀಬೇಕು ಅಂದಿದ್ದಾರೆ ಅಂತ ಮೂರು ಮಹಡೀನೂ ಕೈಹಿಡಿದು ಹತ್ತಿಸ್ತಾರೆ. ಇವತ್ತು ತಾನು ಬರಕ್ಕಾಗಲ್ಲ, ಆದ್ರೂ ಮೆಟ್ಟಿಲಲ್ಲೇ ಹೋಗು ಅಂತ ಬೆಳಿಗ್ಗೆ ಆಣೆ ಹಾಕಿಸಿಕೊಂಡಿದ್ದಾರೆ. ಲಿಫ್ಟ್ ಕಂಪನಿಯವನನ್ನ ಕಟ್ಟಿಕೊಂಡು ನಾನು ಮೆಟ್ಟಿಲು ಹತ್ತೋ ಹಾಗಾಯ್ತು ನೋಡು' ಎಂದಳು. ಡಾಕ್ಟರು ಹಾಗೆ ಹೇಳಿದ್ದನ್ನು ಅವಳು ಕೇಳಿಲ್ಲವಂತೆ. ನಿಮಗೆ ಹೇಳಿದರಂತೆ.

ಫೋನ್ ಇಟ್ಟು ಮತ್ತೆ ಪೆನ್ನು ಹಿಡಿದೆ. ಆ ಆಸ್ಪತ್ರೆಯ ಕಾರ್ಡಿನಲ್ಲೂ ನಮ್ಮಿಬ್ಬರ ಸಹಿ ಇದೆ. ಹಾಗಾದರೆ ನಿಮಗೂ ಭಯ ಇತ್ತು. ಎಷ್ಟು ತಿಂಗಳಿಂದ ಅದನ್ನು ಒಬ್ಬರೇ ಹೊತ್ತು ತಿರುಗುತ್ತಿದ್ದೀರಿ? ವ್ಯಾನಿನಲ್ಲಿ ಜೋಕು ಮಾಡುತ್ತಾ, ಸಹಿ ಹಾಕುತ್ತಾ, ಹೆಂಡತಿಯನ್ನು ಮಾತ್ರ ಮೆಟ್ಟಿಲಲ್ಲಿ ನಡೆಸುತ್ತಾ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಆ ಆಸ್ಪತ್ರೆಗೆ ಬೇರೆ ಬಸುರಿಯರೂ ಬರುತ್ತಾರೆ, ಅವರ ಕೈ ಹಿಡಿಯುವವರಿಗೆ ಇದು ಗೊತ್ತಿಲ್ಲ. ಸಿಟ್ಟಿನ ಹಿಂದೆಯೇ ಅಳು ಬಂತು. ನನಗಾದರೂ ಒಂದು ಮಾತು ಹೇಳಬಾರದಿತ್ತೇ?

ಹದಿಮೂರನೆಯದೂ ನಿಂತಿತು. ಒಂದು ಗಂಟೆ ಮೂವತ್ತೆಂಟು ನಿಮಿಷ. ಯಾರಿಗೂ ಏನೂ ಆಗಿಲ್ಲವಂತೆ. ಮೇಷ್ಟ್ರ ಮನೆಯವರು ಬಂದು ಒಂದು ಲೋಟ ಚಹಾ ಇಟ್ಟು ಹೋದರು.

ಕೆಲಸ ಕಲಿಸಿದ ಮೊದಲ ವಾರ ನೀವು ಹೇಳಿದ್ದು ನನಗೆ ಮರೆತಿಲ್ಲ. ನೀವು ಮೇಲೆ ಮೋಟರ್ ಕೋಣೆಯಲ್ಲಿ, ನಾನು ಕೆಳಗೆ ಆ ಕತ್ತಲ ಗುಂಡಿಯಲ್ಲಿ, ನಡುವೆ ಒಂಬತ್ತು ಮಹಡಿ. ಹೆದರಿ ಗೋಡೆಗೆ ಒರಗಿ ನಿಂತಿದ್ದೆ. ಮೇಲೆ ಹೋಗುವ ಮೊದಲೇ ನೀವು, 'ಕೂಗು ಪುಟ್ಟಿ. ಮೇಲಿದ್ದೀರಾ ಅಂತ ಕೂಗು. ಇದ್ದೀನಿ ಅಂತ ಉತ್ತರ ಬರೋ ತನಕ ಏನನ್ನೂ ಮುಟ್ಟಬೇಡ' ಎಂದಿದ್ದಿರಿ. ನಾನು ಕೂಗಿದ್ದೆ. ಅಷ್ಟು ಎತ್ತರದಿಂದ ನಿಮ್ಮ ದನಿ ಇಳಿದು ಬಂದಿತ್ತು. ಆಮೇಲೆ ಒಂದು ದಿನವೂ ಆ ಗುಂಡಿಯಲ್ಲಿ ನನಗೆ ಹೆದರಿಕೆಯಾಗಿರಲಿಲ್ಲ. ಕೂಗುವುದನ್ನು ನಾವು ಯಾವಾಗ ಬಿಟ್ಟೆವು, ಭಾವ?

ನಾಲ್ಕು ಗಂಟೆಗೆ ಮೇಡಂ ಬರುತ್ತಾರೆ. ಅಷ್ಟರೊಳಗೆ ನೀವು ಬನ್ನಿ. ನಿಮ್ಮ ಬಗ್ಗೆ ನೀವೇ ಹೇಳಿ. ಸಂಬಂಧದ ವಿಷಯವನ್ನೂ ಹೇಳೋಣ. ಮನೆಗೆ ಇಬ್ಬರೂ ಒಟ್ಟಿಗೆ ಹೋಗಿ ಅಕ್ಕನಿಗೂ ಹೇಳೋಣ. ಬಂದವರು ಏನನ್ನೂ ರಿಪೇರಿ ಮಾಡಬೇಡಿ, ಗ್ಲೌಸ್ ಕೂಡ ಮುಟ್ಟಬೇಡಿ. ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋಗಿ ನಿಂತುಕೊಳ್ಳಿ ಸಾಕು. ನಾನು ಕೆಳಗೆ ಲಿಫ್ಟಿನ ಬಾಗಿಲ ಬಳಿ ಇರುತ್ತೇನೆ. ಮೂರೂವರೆಗೆ ಒಂದು ಸಲ ಕೂಗುತ್ತೇನೆ, ನಾಲ್ಕಕ್ಕೆ ಐದು ನಿಮಿಷ ಇರುವಾಗ ಇನ್ನೊಂದು ಸಲ. ಉತ್ತರ ಬರದಿದ್ದರೆ ಮೇಡಂ ಕೇಳಿದ ಎರಡು ಪ್ರಶ್ನೆಗೂ ನಾನೊಬ್ಬಳೇ ಉತ್ತರ ಹೇಳುತ್ತೇನೆ. ಹೇಳುವಾಗ ಅಳುತ್ತೇನೋ ಏನೋ. ಆದರೂ ಹೇಳುತ್ತೇನೆ.

ನಿಮ್ಮನ್ನು ಬಿಟ್ಟುಕೊಡಲು ಇದನ್ನು ಬರೆದೆ ಎಂದುಕೊಳ್ಳಬೇಡಿ. ಹುಟ್ಟಲಿರುವ ಕೂಸು ನಿಮ್ಮ ತೋಳಿನಲ್ಲಿ ನಿಶ್ಚಿಂತೆಯಿಂದ ಮಲಗಲಿ, ನಿಮ್ಮ ಕಾಲಿಗೆ ಒಂದು ಮುಳ್ಳೂ ಚುಚ್ಚದಿರಲಿ. ನಿಧಾನವಾಗಿ ಬನ್ನಿ, ವ್ಯಾನನ್ನು ಜೋರಾಗಿ ಓಡಿಸಬೇಡಿ.

ಕೆಳಗೆ ಕಾಯುತ್ತಿರುವ,
ನಿಮ್ಮ ನಾದಿನಿ

ಗೋಡೆಯ ಮೇಲಿನ ಕಾರ್ಡು ತೆಗೆದು ಹೊಸದು ಬರೆದಿದ್ದೇನೆ. 'ಪರೀಕ್ಷೆ ಆಗಿಲ್ಲ, ಯಾರೂ ಹತ್ತಬೇಡಿ' ಎಂದು. ಕೆಳಗೆ ಇದ್ದವರು ಎಂಬಲ್ಲಿ ಸಹಿ ಹಾಕಿದ್ದೇನೆ. ಮೇಲೆ ಇದ್ದವರು ಎಂಬ ಜಾಗ ಖಾಲಿ ಇದೆ, ಭಾವ. ಬಂದು ನಿಂತ ಮೇಲೆಯೇ ಹಾಕಿ.