ದಾಸರಹಳ್ಳಿಗೆ ಬಂದ ಅಶ್ವಿನಿ ಮಳೆ

ಟಿ. ದಾಸರಹಳ್ಳಿ
ಮಂಗಳವಾರ, ೧೭-೪-೧೯೭೯

ಮನೆಯವರಿಗೆ ಕೃಷ್ಣಮ್ಮನ ನಮಸ್ಕಾರಗಳು.

ನಾಗವೇಣಿಯೂ ಮಗುವೂ ಸೌಖ್ಯವಾಗಿದ್ದಾರೆ. ನನಗೆ ಮಾತ್ರ ನಲ್ಲಿ ನೀರು ಒಗ್ಗದೆ ನೆಗಡಿಯಾಗಿದೆ, ಗಾಬರಿ ಬೇಡ.

ನಿನ್ನೆ ಸಂಜೆ ಇಲ್ಲಿ ಅಶ್ವಿನಿ ಮಳೆ ಜೋರಾಗಿ ಹುಯ್ಯಿತು. ಫ್ಯಾಕ್ಟರಿ ಬಿಟ್ಟ ಜನ ಊಟದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಓಡುತ್ತಿದ್ದರೆ, ಮನೆ ಓನರ್ ಚಿಕ್ಕಮುನಿಯಮ್ಮ ಗುದ್ದಲಿ ಹಿಡಿದು ಅಂಗಳಕ್ಕಿಳಿದರು. ಇವರ ಹೊಲವೆಲ್ಲ ಫ್ಯಾಕ್ಟರಿಗೆ ಹೋಗಿ ಏಳೆಂಟು ವರ್ಷವಾಯಿತಂತೆ. ಆದರೂ ಮಳೆ ನಿಲ್ಲುವ ಮೊದಲೇ ನೆಲ ಅಗೆದು ನೋಡಿ, “ಒಂದು ಗೇಣು ನೆಂದೈತೆ ಕಣಕ್ಕ. ಮೋಡ ಮೂಡ್ಲ ಕಡೀಕೆ ಓಯ್ತು, ನಿಮ್ಮೂರ್ಗೂ ಬತ್ತದೆ,” ಅಂದರು. ರೇಡಿಯೋದಲ್ಲೂ ದಕ್ಷಿಣ ಒಳನಾಡಿಗೆ ಇನ್ನೆರಡು ದಿನ ಗುಡುಗು ಮಳೆ ಎಂದು ಹೇಳಿದರು.

ಅಲ್ಲಿ ಮಳೆ ಬಿದ್ದಿದ್ದರೆ ಹದ ಆರುವ ಮೊದಲು ಕೆರೆ ಹಿಂದಿನ ಹೊಲ ಉತ್ತು ಎಳ್ಳು ಬಿತ್ತಿಬಿಡಿ. ಬೀಜ ಅಟ್ಟದ ಮೇಲಿನ ಸಣ್ಣ ಮಡಕೆಯಲ್ಲಿದೆ.

ಹಾಗಾದರೆ ಭಾನುವಾರದ ನಾಮಕರಣಕ್ಕೆ ನಿಮಗೆ ಬರಲಾಗುವುದಿಲ್ಲವೆಂದು ನಾಗವೇಣಿಗೆ ಹಿಂಜರಿಯುತ್ತಲೇ ಹೇಳಿದೆ. ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, “ಅಪ್ಪ ಇಲ್ದೆ ಹೆಸರಿಡಲ್ಲಮ್ಮ. ಬಿತ್ತನೆ ಮುಗಿಸ್ಕೊಂಡು ಬರ್ಲಿ ಅಂತ ಬರಿ,” ಅಂದಳು. ಅಳಿಯಂದಿರೂ ಒಪ್ಪಿ, ಭಾನುವಾರ ಬರುವುದು ಬೇಡವೆಂದು ಪುರೋಹಿತರಿಗೆ ಹೇಳಿ ಬಂದರು.

ಅವರು ಈಗ ಪಾಳಿಗೆ ಹೊರಟಿದ್ದಾರೆ, ಕಾರ್ಡು ಅವರ ಕೈಗೆ ಕೊಡಬೇಕು. ಬಿತ್ತನೆ ಅರ್ಧಕ್ಕೆ ಬಿಟ್ಟು ಓಡಿ ಬರಬೇಡಿ. ನೀವು ಬರುವವರೆಗೂ ಮಗುವನ್ನು ಪಾಪು ಎಂದೇ ಕರೆಯುತ್ತೇವೆ.

ಇಂತಿ,
ಕೃಷ್ಣಮ್ಮ